ಹಾರಿದವರ ಕತೆ ಕನ್ನಡದಲ್ಲಿ ಯಾಕಿಲ್ಲ?

2023ರ ಜೂನ್ 1ರಂದು ನಮ್ಮ ಚಾಮರಾಜನಗರದ ಭೋಗಾಪುರದ ಹತ್ರ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತಲ್ಲ, ಪುಣ್ಯಕ್ಕೆ ಒಳಗಿದ್ದ ಇಬ್ಬರೂ ಪ್ಯಾರಾಚೂಟಲ್ಲಿ ಇಳಿದು ಬದುಕಿಕೊಂಡ್ರು. ಆಮೇಲೆ ಕೊಳ್ಳೇಗಾಲದಲ್ಲಿ ಯಾವ ಟೀ ಅಂಗಡಿಗೆ ಹೋದ್ರೂ ಅದೇ ಮಾತು. ಕಿರಣ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಕೂಸು, ಮೊದಲು ಹಾರಿದ್ದು 1964ರಲ್ಲಿ ಅಂದ್ರೆ ಯಾರೂ ನಂಬಲೊಲ್ಲರು. ಹನೂರಿನ ಪಿಯುಸಿ ಹುಡುಗನೊಬ್ಬ "ಇದನ್ನೆಲ್ಲ ಕನ್ನಡದಲ್ಲಿ ಎಲ್ಲಿ ಓದೋದಣ್ಣಾ?" ಅಂದ. ಕೊಡೋಕೆ ನನ್ನ ಹತ್ರ ಒಂದೂ ಲಿಂಕ್ ಇರಲಿಲ್ಲ.

ಇಂಗ್ಲಿಷಿನಲ್ಲಿ ಈ ಬರ ಇಲ್ಲ. ನಿವೃತ್ತ ಪೈಲಟ್‌ಗಳೇ ಕೂತು ಬರೆದಿದ್ದಾರೆ. ನನಗೆ ತುಂಬಾ ಇಷ್ಟವಾಗಿದ್ದು ಗ್ರೂಪ್ ಕ್ಯಾಪ್ಟನ್ ಕಪಿಲ್ ಭಾರ್ಗವ ಅವರ ಲೇಖನಗಳು. 1964ರ ಮಾರ್ಚ್ 7ರಂದು ಈಜಿಪ್ಟಿನ ಎಚ್‌ಎ-300 ಯುದ್ಧವಿಮಾನವನ್ನು ಮೊಟ್ಟಮೊದಲು ಹಾರಿಸಿದ್ದು ಈ ನಮ್ಮ ಟೆಸ್ಟ್ ಪೈಲಟ್! ಮೆಸ್ಸರ್‌ಶ್ಮಿಟ್ ವಿನ್ಯಾಸ, ಈಜಿಪ್ಟಿನ ವಿಮಾನ, ಭಾರತದವರು ಅಲ್ಲಿಗೆ ಹೋಗಿದ್ದು ಯಾಕೆ? ಬೆಂಗಳೂರಲ್ಲಿ ಮಾಡಿದ ಮಾರುತ್‌ಗೆ ತಕ್ಕ ಎಂಜಿನ್ ಸಿಕ್ಕಿರಲಿಲ್ಲ. ಅಲ್ಲಿ ತಯಾರಾಗ್ತಿದ್ದ ಇ-300 ಎಂಜಿನ್ ಮೇಲೆ ನಮ್ಮವರ ಕಣ್ಣು, ದುಡ್ಡೂ ಹಾಕಿದ್ರು. 1969ರಲ್ಲಿ ಆ ಯೋಜನೆ ನಿಂತೇ ಹೋಯ್ತು. ಮಾರುತ್ ಕೊನೇತನಕ ಬಲ ಸಾಲದ ಎಂಜಿನ್‌ನಲ್ಲೇ ಹಾರಿತು.

ಹಳೇದೆಲ್ಲ ಬರೆದು ಏನುಪಯೋಗ ಅನ್ನೋರು ಕೊಡಗಿನ ಅಜ್ಜಮಾಡ ದೇವಯ್ಯನವರ ಕತೆ ಕೇಳಬೇಕು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು ವಾಪಸ್ ಬರಲಿಲ್ಲ, ಭಾರತಕ್ಕೆ ಗೊತ್ತಿದ್ದುದು ಅಷ್ಟೇ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರ ಪುಸ್ತಕ ಬಂತು. ಅದರಲ್ಲಿ, ನಿಧಾನದ ಮಿಸ್ಟೇರ್ ಒಂದು ಪಾಕಿಸ್ತಾನದ ಸ್ಟಾರ್‌ಫೈಟರನ್ನೇ ಕೆಡವಿದ ವಿವರ! ಆ ಮಿಸ್ಟೇರಿನಲ್ಲಿ ಇದ್ದದ್ದು ದೇವಯ್ಯ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ಆದ್ಮೇಲೆ. ನಮ್ಮ ಹುಡುಗನ ಕತೆ ಎದುರು ಪಾಳೆಯದ ಕಡೆಯಿಂದ ಬರಬೇಕಾಯ್ತು ನೋಡಿ.

ಪೈಲಟ್‌ಗಳಷ್ಟೇ ಬರೀಬೇಕು ಅಂತ ನಾನು ಹೇಳ್ತಿಲ್ಲ. ಯಳಂದೂರಿನಲ್ಲಿ ನನಗೆ ಗೊತ್ತಿದ್ದ ಹಿರಿಯರೊಬ್ಬರು ಮಾರುತ್‌ಗೆ ರಿವೆಟ್ ಹೊಡೆದವರು. ಹೋದ ವರ್ಷ ತೀರಿಕೊಂಡ್ರು, ಅವರ ನೋಟ್‌ಬುಕ್ಕುಗಳು ಹಳೇ ಪೇಪರ್ ಜೊತೆ ತೂಕಕ್ಕೆ ಹೋದವು. ಮಾರುತ್ ಮೊದಲು ಹಾರಿದ್ದು 1961ರ ಜೂನ್ 17ಕ್ಕೆ. ಅವತ್ತು ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ, ಲೆಕ್ಕ ಹಾಕಿ.

ಕನ್ನಡದಲ್ಲಿ ಪದಗಳಿಲ್ಲ ಅನ್ನೋ ನೆಪ ಬೇಡ. ರಿವೆಟ್ಟನ್ನ ರಿವೆಟ್ ಅಂತಲೇ ಬರೀರಿ, ಕಾಕ್‌ಪಿಟ್ ಕಾಕ್‌ಪಿಟ್ಟೇ ಇರಲಿ. ನಿಮ್ಮ ಬೀದಿಯಲ್ಲಿ ವಾಯುಪಡೆಯಿಂದಲೋ ಎಚ್‌ಎಎಲ್‌ನಿಂದಲೋ ನಿವೃತ್ತರಾದವರು ಇದ್ರೆ ಈ ಭಾನುವಾರ ಹೋಗಿ ಮಾತಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕೇಳಿಸಿಕೊಂಡು ಟೈಪ್ ಮಾಡೋ ಕೆಲಸ ನನಗಿರಲಿ :-)