ಶಾಮಿಯಾನದ ಬಟ್ಟೆಗೂ ಗುಣಮಟ್ಟದ ಷರತ್ತು ಬೇಕು

ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯದ ಏಪ್ರಿಲ್ ಜಾತ್ರೆ, ಕಡಬ ತಾಲೂಕಿನ ಕುಕ್ಕೆಯ ಚಂಪಾಷಷ್ಠಿ, ಸುಳ್ಯದ ಜಾತ್ರೆ, ಊರೂರಿನ ನೇಮ, ಯಕ್ಷಗಾನ, ಮದುವೆ: ಇವೆಲ್ಲವೂ ಶಾಮಿಯಾನ ಬಾಡಿಗೆಯನ್ನು ಈ ಮೂರು ತಾಲೂಕುಗಳಲ್ಲಿ ಗಣನೀಯ ಉದ್ಯಮವನ್ನಾಗಿ ಬೆಳೆಸಿವೆ. ಸೋಗೆಯ ಚಪ್ಪರದ ಸ್ಥಾನವನ್ನು ಪಾಲಿಯೆಸ್ಟರ್ ಬಟ್ಟೆ, ಪ್ಲಾಸ್ಟಿಕ್ ಟಾರ್ಪಾಲುಗಳು ಆಕ್ರಮಿಸಿವೆ. ಸೋಗೆಯೂ ಉರಿಯುವ ವಸ್ತುವೇ, ನಿಜ. ಆದರೆ ಪಾಲಿಯೆಸ್ಟರ್ ಕರಗಿ, ಉರಿಯುವ ಹನಿಗಳಾಗಿ ಕೆಳಗಿದ್ದವರ ಮೇಲೆಯೇ ಸುರಿಯಬಲ್ಲದು. ಬೆಡಿ ನೋಡಲು ಊರೇ ನೆರೆಯುವ ಪುತ್ತೂರಿನಂತಹ ಸೀಮೆಯಲ್ಲಿ ಈ ವ್ಯತ್ಯಾಸ ಉಪೇಕ್ಷಿಸತಕ್ಕದ್ದಲ್ಲ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ 92 ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ಸಮಾರಂಭದ ಚಪ್ಪರ ಹೊತ್ತಿ ನಾನೂರಕ್ಕೂ ಹೆಚ್ಚು ಜೀವಗಳು ಹೋದವು.

ತಡೆಯುವ ವಿದ್ಯೆ ಹೊಸದೇನಲ್ಲ. ಬಿಳಿಗಾರ, ಬೋರಿಕ್ ಆಮ್ಲ, ಅಮೋನಿಯಂ ಸಲ್ಫೇಟ್, ಪಟಿಕಗಳ ದ್ರಾವಣದಲ್ಲಿ ಹತ್ತಿಬಟ್ಟೆಯನ್ನು ಅದ್ದಿ ಒಣಗಿಸಿದರೆ, ಅದು ಜ್ವಾಲೆಯೆಬ್ಬಿಸುವ ಬದಲು ಕರಿಕಾಗುತ್ತದೆ. ಇವೆಲ್ಲ ಅಂಗಡಿಯಲ್ಲಿ ದೊರೆಯುವ ಸಾಮಗ್ರಿಗಳೇ. ಚಪ್ಪರಗಳಿಗೆಂದೇ ಇರುವ ಭಾರತೀಯ ಮಾನಕ ಐಎಸ್ 8758 ಕೂಡ ಬಟ್ಟೆಯ ಇಂತಹ ಸಂಸ್ಕರಣೆಯನ್ನು ಹೇಳುತ್ತದೆ. ತೊಡಕಿರುವುದು ಬೇರೆಡೆ. ಈ ಲವಣಗಳು ನೀರಿನಲ್ಲಿ ಕರಗುವಂಥವು. ನಮ್ಮ ಕರಾವಳಿಯ ಒಂದು ಮಳೆಗೆ, ಒಂದು ಒಗೆತಕ್ಕೆ ತೊಳೆದುಹೋಗುತ್ತವೆ. ಪಾಲಿಯೆಸ್ಟರ್ ಅಂತೂ ಅವನ್ನು ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ. ಅದಕ್ಕೆ ನೂಲಿನ ತಯಾರಿಕೆಯಲ್ಲಿಯೇ ರಂಜಕದ ಸಂಯುಕ್ತವನ್ನು ಸೇರಿಸಿದ ಬಟ್ಟೆ ಬೇಕು. ಬ್ರೋಮಿನ್‌ಯುಕ್ತ ಸೇರ್ಪಡೆಗಳ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಅವುಗಳಲ್ಲೊಂದಾದ ಡೆಕಾಬಿಡಿಇಯನ್ನು 2017ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ನಿರ್ಮೂಲನ ಪಟ್ಟಿಗೆ ಸೇರಿಸಲಾಗಿದೆ.

ಇಂತಹ ಬಟ್ಟೆಗೆ ಬೆಲೆ ಹೆಚ್ಚು. ಉತ್ಸವ ಸಮಿತಿಗಳು ಕಡಿಮೆ ದರದ ಕೊಟೇಶನ್ನಿಗೇ ಕೆಲಸ ವಹಿಸುವವರೆಗೂ ಒಳ್ಳೆಯ ಬಟ್ಟೆ ತಂದ ವರ್ತಕನಿಗೆ ನಷ್ಟವೇ ಗತಿ. ಆದುದರಿಂದ ದೂರನ್ನು ಶಾಮಿಯಾನದವರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಸಮಿತಿಗಳು, ಸಭಾಭವನಗಳ ಮಾಲಕರು ಕರಾರಿನಲ್ಲಿಯೇ ಷರತ್ತು ಬರೆಯಬೇಕು; ಬಾಡಿಗೆದಾರರೂ ಒಗ್ಗೂಡಿ ಸಗಟು ಖರೀದಿ ಮಾಡಿದರೆ ದರ ಇಳಿಸಿಕೊಳ್ಳಬಹುದು. ಮಾರುವವನಿಂದ ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಅದರ ಜೊತೆಗೆ, ಬಯಲಿನಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ಬಟ್ಟೆಯ ಒಂದು ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಬಹುದು. ಕಡ್ಡಿ ತೆಗೆದ ಮೇಲೂ ಉರಿಯುತ್ತಿದ್ದರೆ, ಇಲ್ಲವೆ ಉರಿಯುವ ಹನಿ ಸುರಿದರೆ, ಆ ಥಾನನ್ನು ಹಿಂದಕ್ಕೆ ಕಳುಹಿಸುವುದೇ ಲೇಸು.