ಮೊಸರು ತಿಂದ ಕೋತಿ ಎಲ್ಲಿ?

ಚೌಕಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೆ ತಿಂಗಳ ಕೊನೆಗೆ ಸಾಹುಕಾರರು ದುಡ್ಡು ಎಣಿಸಿ ಕೊಟ್ಟು, 'ನೋಡಪ್ಪಾ, ಇದರಲ್ಲಿ ಕಾಲು ಭಾಗ ನಿನ್ನ ಸಂಬಳ, ಮುಕ್ಕಾಲು ಭಾಗ ನಿನಗೆ ಕೊಟ್ಟ ಸಾಲ. ವಾಪಸು ಕೇಳಲ್ಲ, ಹೆದರಬೇಡ' ಅಂದರೆ ಅವನು ಏನಂದಾನು? ಸಾಹುಕಾರರಿಗೆ ತಲೆ ಕೆಟ್ಟಿದೆ ಅಂದಾನು. ಇಲ್ಲವೇ ಇದರಲ್ಲೇನೋ ಮಸಲತ್ತು ಇದೆ ಅಂದಾನು.

ಇದೇ ಮಸಲತ್ತು ಬ್ರಿಟನ್ನಿನಲ್ಲಿ ವರ್ಷಾನುಗಟ್ಟಲೆ ರಾಜಾರೋಷವಾಗಿ ನಡೆಯಿತು. ಬಲೆಗೆ ಬಿದ್ದವರು ಕಾಂಟ್ರಾಕ್ಟಿನ ಮೇಲೆ ದುಡಿಯುವ ಕಂಪ್ಯೂಟರ್ ಇಂಜಿನಿಯರುಗಳು, ನರ್ಸುಗಳು, ಬದಲಿ ಮೇಷ್ಟ್ರುಗಳು. ಅಲ್ಲಿನ ತೆರಿಗೆ ಇಲಾಖೆಯ ಅಂದಾಜಿನಂತೆ ಸುಮಾರು 50,000 ಮಂದಿ.

ಆಟ ಹೀಗೆ. ದುಡಿಸಿಕೊಂಡ ಕಂಪನಿ ಹಣವನ್ನು ನೇರವಾಗಿ ದುಡಿದವನಿಗೆ ಕೊಡುವುದಿಲ್ಲ. ನಡುವೆ ಒಬ್ಬ ಏಜೆಂಟು. ಏಜೆಂಟನು ಚೂರುಪಾರು ಹಣವನ್ನು ಸಂಬಳವೆಂದು ತೋರಿಸಿ ಅದಕ್ಕಷ್ಟೇ ತೆರಿಗೆ ಕಟ್ಟುತ್ತಾನೆ. ಉಳಿದದ್ದು ಯಾವುದೋ ದ್ವೀಪದ ಟ್ರಸ್ಟಿಗೆ ಹೋಗಿ, ಅಲ್ಲಿಂದ 'ಸಾಲ' ಎಂಬ ಹೆಸರಿನಲ್ಲಿ ದುಡಿದವನ ಖಾತೆಗೆ ಬರುತ್ತದೆ. ಸಾಲಕ್ಕೆ ಆದಾಯ ತೆರಿಗೆ ಇಲ್ಲವಲ್ಲ! ನಡುವೆ ಏಜೆಂಟ್ ಮಹಾಶಯ ತನ್ನ ಕಮಿಷನ್ ಮುರಿದುಕೊಂಡಿರುತ್ತಾನೆ.

'ಇದು ಕಾಯಿದೆ ಪ್ರಕಾರ ಸರಿಯೇ?' ಅಂತ ಕೇಳಿದವರಿಗೆ ಅವನು ಒಂದು ನಂಬರು ತೋರಿಸುತ್ತಿದ್ದ. 2004ರ ಕಾಯಿದೆಯಂತೆ ತೆರಿಗೆ ತಪ್ಪಿಸುವ ಸ್ಕೀಮುಗಳನ್ನು ಇಲಾಖೆಗೆ ತಿಳಿಸಬೇಕು, ಇಲಾಖೆ ಅದಕ್ಕೊಂದು ನಂಬರು ಕೊಡುತ್ತದೆ. ಅದು ಬರೀ ದಾಖಲೆ ನಂಬರು, ಒಪ್ಪಿಗೆಯ ಮೊಹರಲ್ಲ. ಆದರೆ ಏಜೆಂಟರು ಅದನ್ನೇ ಸರಕಾರದ ಸರ್ಟಿಫಿಕೇಟು ಎಂದು ಸಾರಿಕೊಂಡರು. ನಂಬರು ಕೊಟ್ಟ ಇಲಾಖೆಗೆ ಒಳಗೇನಿದೆ ಎಂಬುದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ದುಡಿಯುವವನ ಕಿವಿಗೆ ಮುಟ್ಟುವಂತೆ ಯಾಕೆ ಕೂಗಿ ಹೇಳಲಿಲ್ಲ?

ಎದ್ದಾಗ ಮಾತ್ರ ಇಲಾಖೆ ಕುಂಭಕರ್ಣನಂತೆ ಎದ್ದಿತು. 2016ರ ಬಜೆಟ್ಟಿನಲ್ಲಿ 'ಲೋನ್ ಚಾರ್ಜ್' ಎಂಬ ಹೊಸ ಅಸ್ತ್ರದ ಘೋಷಣೆಯಾಯಿತು. 1999ರ ಏಪ್ರಿಲಿನಿಂದ ಪಡೆದ ಇಂಥ ಸಾಲಗಳಲ್ಲಿ 2019ರ ಏಪ್ರಿಲ್ 5ಕ್ಕೆ ಬಾಕಿ ಉಳಿದದ್ದೆಲ್ಲ ಒಂದೇ ವರ್ಷದ ಆದಾಯ! ಹತ್ತಾರು ವರ್ಷದ ಗಳಿಕೆ ಒಟ್ಟಿಗೆ ಪೇರಿಸಿದರೆ ಸಾಧಾರಣ ನೌಕರನೂ ಕಾಗದದ ಮೇಲೆ ಶ್ರೀಮಂತನಾಗುತ್ತಾನೆ, ತೆರಿಗೆ ದರವೂ ಮೇಲಕ್ಕೇರುತ್ತದೆ.

ತೆರಿಗೆ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ರೇಂಜರ್ಸ್ ಫುಟ್‌ಬಾಲ್ ಕ್ಲಬ್ಬಿನ ಮೊಕದ್ದಮೆಯಲ್ಲಿ 2017ರ ಜುಲೈಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಟ್ರಸ್ಟಿನ ಮೂಲಕ ಸುತ್ತಿ ಬಂದರೂ ಸಂಬಳ ಸಂಬಳವೇ ಎಂದು ತೀರ್ಪಿತ್ತಿತು. ಸಿಕ್ಕಿಬಿದ್ದವರೆಲ್ಲ ಹಸುಗೂಸುಗಳೂ ಅಲ್ಲ. ಗೊತ್ತಿದ್ದೇ ಆಸೆಗೆ ಬಿದ್ದವರೂ ಇದ್ದಾರೆ. ಆದರೆ ಸಂಬಳ ಕೊಡುವಾಗಲೇ ತೆರಿಗೆ ಹಿಡಿಯಬೇಕಾದ್ದು ಕೊಡುವವನ ಕೆಲಸ. ಸ್ಕೀಮು ಮಾರಿದವರಲ್ಲಿ ಎಷ್ಟೋ ಮಂದಿ ಕಂಪನಿಗೆ ಬೀಗ ಹಾಕಿ, ಬೇರೆ ಹೆಸರಿನ ಬೋರ್ಡು ನೇತುಹಾಕಿಕೊಂಡರು. ನೋಟೀಸು ಬಂದದ್ದು ದುಡಿದವನ ಮನೆಗೆ! ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕತೆ ಬೇರೇನು?

ಸಾಲದ್ದಕ್ಕೆ ಇನ್ನೊಂದು ಪೇಚು. 'ವಾಪಸು ಕೇಳಲ್ಲ' ಎಂದು ಕೊಟ್ಟ ಸಾಲದ ಪತ್ರಗಳನ್ನು ಯಾರೋ ಕೊಂಡುಕೊಂಡು, 'ಎಲ್ಲಿ ನಮ್ಮ ಸಾಲ?' ಅಂತ ಕೆಲವರ ಬೆನ್ನು ಹತ್ತಿದರು. ಇಲಾಖೆ ಅದನ್ನು ಸಂಬಳ ಅನ್ನುತ್ತದೆ, ಇವರು ಸಾಲ ಅನ್ನುತ್ತಾರೆ. ಎರಡೂ ಕಡೆ ತೆರುವವನು ಒಬ್ಬನೇ.

ಇದು ಬರೀ ದುಡ್ಡಿನ ತಕರಾರಲ್ಲ. ಈ ಸುಳಿಗೆ ಸಿಕ್ಕವರ ಪೈಕಿ ಹತ್ತು ಆತ್ಮಹತ್ಯೆ ಪ್ರಕರಣಗಳನ್ನು ತೆರಿಗೆ ಇಲಾಖೆ ತಾನೇ ಮೇಲಿನ ತನಿಖಾ ಸಂಸ್ಥೆಗೆ ಒಪ್ಪಿಸಬೇಕಾಗಿ ಬಂತು. ಆ ಹತ್ತು ಮನೆಗಳಿಗೆ ಯಾವ ವಿನಾಯಿತಿ ಕೊಟ್ಟಾರು?

ವಿನಾಯಿತಿ ಬಂದದ್ದು ಕಂತಿನಲ್ಲಿ. 2019ರ ಡಿಸೆಂಬರಿನಲ್ಲಿ ಸರ್ ಏಮ್ಯಸ್ ಮೋರ್ಸ್ ವರದಿಯ ಮೇಲೆ 2010ರ ಡಿಸೆಂಬರ್ 9ಕ್ಕಿಂತ ಹಿಂದಿನ ಸಾಲಗಳನ್ನು ಕೈಬಿಟ್ಟರು. 2025ರಲ್ಲಿ ರೇ ಮೆಕ್‌ಕ್ಯಾನ್ ಮತ್ತೆ ಪರಿಶೀಲಿಸಿದರು. ನವೆಂಬರ್ ಬಜೆಟ್ಟಿನ ಜೊತೆ ವರದಿ ಹೊರಬಿತ್ತು, ಬಾಕಿದಾರರ ಹೊರೆ ಇಳಿಸಲು ಸರಕಾರ ಒಪ್ಪಿತು. ಆದರೆ ಹೆದರಿ, ಮನೆ ಮಾರಿಯೋ ಮತ್ತೆ ಸಾಲ ಮಾಡಿಯೋ ಮೊದಲೇ ಇಲಾಖೆಯೊಡನೆ ಇತ್ಯರ್ಥ ಮಾಡಿಕೊಂಡವರು ಆ ಪರಿಶೀಲನೆಯ ಲೆಕ್ಕದಲ್ಲೇ ಇರಲಿಲ್ಲ. ಹೇಳಿದ ಮಾತು ಕೇಳಿದವನಿಗೇ ದಂಡ ಎಂದಾದರೆ ನಾಳೆ ಮಾತು ಕೇಳುವವರು ಯಾರು?

ಲಂಡನ್ನಿನ ಉಸಾಬರಿ ದಾವಣಗೆರೆಗೆ ಯಾಕೆ ಅನ್ನುವಂತಿಲ್ಲ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ, ಬೆಂಗಳೂರು ದಾಟಿ, ಸಮುದ್ರ ದಾಟಿದ ಹುಡುಗರು ಬೇಕಾದಷ್ಟಿದ್ದಾರೆ. ಊರಲ್ಲಿ ಉಳಿದವರ ಪಾಡೂ ಅಷ್ಟರಲ್ಲೇ ಇದೆ: ಆಸ್ಪತ್ರೆಯ ಕಸ ಗುಡಿಸುವವರಿಂದ ಹಿಡಿದು ಕಚೇರಿಯ ಕಂಪ್ಯೂಟರ್ ಒತ್ತುವವರವರೆಗೆ ಹೊರಗುತ್ತಿಗೆ; ದುಡಿಸುವವನು ಒಬ್ಬ, ಸಂಬಳ ಕೊಡುವವನು ಇನ್ನೊಬ್ಬ. ಚೀಟಿಯಲ್ಲಿ ಎಷ್ಟು ಬರೆದಿದೆ, ಕೈಗೆ ಎಷ್ಟು ಬಂತು, ಪಿಎಫ್ ಕಟ್ಟಿದ್ದಾರೋ ಇಲ್ಲವೋ ಎಂದು ತಿಂಗಳು ತಿಂಗಳೂ ನೋಡಿಕೊಳ್ಳುವುದು ಒಳಿತು.

ಕೈಗೆ ಹೆಚ್ಚು ಬರುತ್ತೆ ಅಂತ ಯಾರಾದರೂ ಅಂದರೆ, 'ಸಂಬಳ ಅಂತಲೇ ಬರಕೊಡಿ ಸಾಮೀ' ಅನ್ನಬೇಕು. ಬರೆದುಕೊಡಲು ಹಿಂದುಮುಂದು ನೋಡಿದನೋ, ಅವನ ಬಾಯಲ್ಲಿ ಮೊಸರಿದೆ ಅಂತಲೇ ಅರ್ಥ.