ಊಟ, ಹಾಸಿಗೆ, ಹೊತ್ತಗೆ

ಸುರಪುರ ಸೀಮೆಯ ಬೋನಾಳವೆಂದರೆ ನೆನಪಾಗುವುದು ಅಲ್ಲಿಯ ಕೆರೆ, ಚಳಿಗಾಲದಲ್ಲಿ ಅದಕ್ಕೆ ಬಂದಿಳಿಯುವ ಪರದೇಶದ ಹಕ್ಕಿಗಳು. ಆದರೆ ಆ ಊರಿನ ಮಕ್ಕಳು ವಿಶ್ವವಿದ್ಯಾಲಯದ ಓದಿಗಾಗಿ ಊರು ಬಿಟ್ಟು ಹೊರಡಬೇಕು. ಹಾಗೆ ಹೊರಟ ಮಗನನ್ನೋ ಮಗಳನ್ನೋ ಹೆತ್ತವರು ಮೊದಲು ಕೇಳುವುದು, “ಹಾಸ್ಟೆಲಿನಲ್ಲಿ ಊಟ ಹೇಗಿದೆ?” ಎಂದು. ಕೇಳತಕ್ಕ ಮಾತೇ ಸರಿ. ಆದರೆ, “ಸಂಜೆ ಸಂದೇಹ ಬಂದರೆ ಕೇಳಲು ಗುರುಗಳಿದ್ದಾರೆಯೇ? ಓದಲು ಪುಸ್ತಕಗಳಿವೆಯೇ?” ಎಂದು ಕೇಳುವವರೆಷ್ಟು ಮಂದಿ?

ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯ ಹುಟ್ಟಿದ್ದು 1963ರಲ್ಲಿ. ಹೊಸ ವಿದ್ಯಾಪೀಠವಾದರೂ ಅದು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಹಳೆಯ ಕ್ರಮವೊಂದನ್ನು ಹೊಸ ರೀತಿಯಲ್ಲಿ ಕೈಗೆತ್ತಿಕೊಂಡಿತು. 1965ರಲ್ಲಿ ತೆರೆದ ಡರ್ವೆಂಟ್, ಲ್ಯಾಂಗ್‌ವಿತ್ ಎಂಬ ಅದರ ಮೊದಲ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕೊಠಡಿಗಳು, ಭೋಜನಶಾಲೆ, ಅಧ್ಯಾಪಕರ ಕೋಣೆಗಳು, ಪಾಠದ ಕೋಣೆಗಳು ಎಲ್ಲವೂ ಒಂದೇ ಆವರಣದಲ್ಲಿದ್ದವು. ವಾಸವೂ ವಿದ್ಯೆಯ ಒಂದು ಅಂಗವೆಂಬುದು ಅದರ ತಾತ್ಪರ್ಯ.

ಈ ವಿಚಾರಕ್ಕಾಗಿ ನಾವು ಕಡಲು ದಾಟಬೇಕಾಗಿಲ್ಲ. ಬೋನಾಳದಿಂದ ಈಶಾನ್ಯಕ್ಕೆ ಹೊರಟು ಭೀಮೆಯನ್ನು ದಾಟಿದರೆ ಸಾಕು. ಚಿತ್ತಾಪುರದ ಬಳಿ ನಾಗಾವಿಯೆಂಬ ಊರಿದೆ. ಕಲ್ಯಾಣ ಚಾಲುಕ್ಯರ ದೊರೆ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು ನೆಲೆಗೊಳಿಸಿದ ವಿವರ 1058ರ ಶಾಸನದಲ್ಲಿದೆ. ವೇದ ಕಲಿಯುವವರು 200 ಮಂದಿ, ಶಾಸ್ತ್ರ ಕಲಿಯುವವರು ಸುಮಾರು 50 ಮಂದಿ. ಅವರೊಡನೆ ಗುರುಗಳಿದ್ದರು; ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರೂ ಇದ್ದರು. ಇವರೆಲ್ಲರ ನಿರ್ವಾಹಕ್ಕೆ ದತ್ತಿಯ ಏರ್ಪಾಡಿತ್ತು. ಅನ್ನದ ಲೆಕ್ಕ ಬರೆಸಿದವನು ಪುಸ್ತಕದ ಲೆಕ್ಕವನ್ನು ಮರೆಯಲಿಲ್ಲ!

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹಾಡಬೇಕಾಗಿಲ್ಲ. ಹೊಲ ಉಳುವವನ ಮಗನಿಗೆ ನಾಗಾವಿಯ ಆ ಬಾಗಿಲು ತೆರೆದಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರ. ಇಂದಿನ ವಿದ್ಯಾರ್ಥಿನಿಲಯದ ಬಾಗಿಲು ಅವರಿಗಾಗಿಯೇ ತೆರೆದಿದೆ. ಇದು ಸಣ್ಣ ಗೆಲುವಲ್ಲ. ಆದರೆ ಒಳಗೆ ಕಾಲಿಟ್ಟ ಮಗುವಿಗೆ ಮಂಚವೂ ತಟ್ಟೆಯೂ ಮಾತ್ರ ದೊರೆತರೆ, ಮನೆಯಲ್ಲಿಯೇ ಓದುಬಲ್ಲವರಿರುವ ಪಟ್ಟಣದ ಮಗುವಿನೊಡನೆ ಅದು ಸರಿಸಮನಾಗಿ ನಡೆಯುವುದೆಂತು?

ಇದಕ್ಕೆ ಅರಮನೆಯಂಥ ಕಟ್ಟಡ ಬೇಡ. ಬೀಗ ಹಾಕದ ಒಂದು ಪುಸ್ತಕದ ಕೋಣೆ, ಅದನ್ನು ನೋಡಿಕೊಳ್ಳುವವರೊಬ್ಬರು, ಸಂಜೆ ಒಂದು ಗಂಟೆ ಮಕ್ಕಳ ನಡುವೆ ಕುಳಿತುಕೊಳ್ಳುವ ಮೇಷ್ಟರೊಬ್ಬರು — ಇಷ್ಟಿದ್ದರೆ ಆರಂಭಕ್ಕೆ ಸಾಕು. ನಿವೃತ್ತ ಅಧ್ಯಾಪಕರಿಲ್ಲದ ಪಟ್ಟಣವುಂಟೇ? ಮುಂದಿನ ಸಲ ಮಕ್ಕಳನ್ನು ಕಾಣಲು ಹಾಸ್ಟೆಲಿಗೆ ಹೋದಾಗ ಅಡಿಗೆಮನೆಯನ್ನು ನೋಡಿ ಬನ್ನಿ. ಪುಸ್ತಕದ ಕಪಾಟನ್ನೂ ತೆರೆಸಿ ನೋಡಿ ಬನ್ನಿ.